ಉಗ್ರಾಣದ ಬೀಗದ ಕೈ ಯಾರ ಹತ್ತಿರ?

ಕಳೆದ ಸಂಚಿಕೆಯಲ್ಲಿ ಬರೆದಿದ್ದ ಕೊಬ್ಬರಿ ಚಟ್ನಿಪುಡಿ ಮಾಡಿ ನೋಡಿದಿರಾ? ಅದೇ ಚಟ್ನಿಪುಡಿ ವ್ಯಾಪಾರದಲ್ಲಿ ನಾನು ಪಟ್ಟ ಪಾಡನ್ನು ಈ ಸಲ ಹೇಳುತ್ತೇನೆ. ಹೇಳಿಕೊಳ್ಳಲು ನಾಚಿಕೆಯೇ. ಆದರೂ ನಿಮ್ಮಲ್ಲಿ ಒಬ್ಬರಾದರೂ ಎಚ್ಚರವಾದರೆ ನನ್ನ ನಾಚಿಕೆ ಸಾರ್ಥಕ.

ಅರಸೀಕೆರೆಯ ನಮ್ಮ ಬೀದಿಯಲ್ಲಿ ನಾವು ಮೂವರು ಸೇರಿ ಪುಡಿ, ಹಪ್ಪಳ, ಸಂಡಿಗೆ ಮಾಡಿ ಮಾರುತ್ತೇವೆ. ನಾನು, ಎದುರು ಮನೆ ಟೀಚರಮ್ಮ, ಹಿಂದಿನ ಬೀದಿಯ ಅಕ್ಕ. ಅಕ್ಕನಿಗೆ ಯಜಮಾನರಿಲ್ಲ. ಮಗಳ ಕಾಲೇಜು ಫೀಸು ಈ ದುಡ್ಡಿನಲ್ಲೇ ಹೋಗಬೇಕು. ಆರು ವರ್ಷದಿಂದ ನಮ್ಮ ಲೆಕ್ಕವೆಲ್ಲ ಒಂದು ಉದ್ದನೆಯ ನೋಟ್ ಪುಸ್ತಕದಲ್ಲಿತ್ತು. ಬೆಂಗಳೂರಿನ, ಮೈಸೂರಿನ ಗಿರಾಕಿಗಳ ವಿಳಾಸ, ಯಾರದ್ದು ಎಷ್ಟು ಬಾಕಿ, ಯಾರಿಗೆ ಖಾರ ಕಡಿಮೆ, ಯಾರಿಗೆ ಬೆಳ್ಳುಳ್ಳಿ ಬೇಡ, ಎಲ್ಲವೂ ಅದರಲ್ಲೇ. ಅರಿಶಿನದ ಕೈಯಲ್ಲಿ ಮುಟ್ಟಿ ಮುಟ್ಟಿ ಹಾಳೆಗಳೆಲ್ಲ ಹಳದಿಯಾಗಿದ್ದವು.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದು ನಿಮಗೆ ನೆನಪಿರಬೇಕು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷದ ಮಿತಿ ಅಂತ ಪೇಪರಿನಲ್ಲಿ ಓದಿದೆವು. ನಮ್ಮದು ಅದರ ನೆರಳಿಗೂ ಹೋಗುವುದಿಲ್ಲ. ಆದರೂ ಹೆದರಿಕೆ. ‘ಯಾರಾದರೂ ಕೇಳಿದರೆ ತೋರಿಸಲು ಸರಿಯಾದ ಲೆಕ್ಕ ಬೇಕು, ಕಂಪ್ಯೂಟರಿಗೆ ಹಾಕಿಸೋಣ’ ಅಂದರು ಟೀಚರಮ್ಮ. ನಮ್ಮ ಮನೆಯಲ್ಲಿ ಮಗನದೊಂದು ಹಳೆಯ ಕಂಪ್ಯೂಟರ್ ಇತ್ತು.

ಪರಿಚಯದವರು ಒಬ್ಬ ಹುಡುಗನನ್ನು ಕಳಿಸಿದರು. ಹೆಸರು ಬೇಡ. ನಗುಮುಖದ ಹುಡುಗ. ಬಂದ ದಿನವೇ ‘ಆಂಟಿ, ಇದೆಲ್ಲ ಎರಡು ವಾರದ ಕೆಲಸ’ ಅಂದ. ಲೆಕ್ಕ, ಬಿಲ್ಲು, ಗಿರಾಕಿಗಳ ಪಟ್ಟಿ, ಜೊತೆಗೆ ವೆಬ್‌ಸೈಟ್, ಎಲ್ಲ ಸೇರಿ 35,000 ರೂಪಾಯಿ. ವೆಬ್‌ಸೈಟ್ ನಮಗೆ ಯಾಕೆ ಅಂತ ನಾನು ಕೇಳಲಿಲ್ಲ. ಕೇಳಿದರೆ ಏನೂ ತಿಳಿಯದವಳು ಅಂದುಕೊಂಡಾನು ಅನ್ನಿಸಿತು. ಕಾಫಿ ಕೊಟ್ಟೆ, ಊಟಕ್ಕೂ ಹಾಕಿದೆ. ‘ಸಾಮಾನು ತರಬೇಕು ಆಂಟಿ’ ಅಂದಾಗ ಮೂವರ ಡಬ್ಬಿಯಿಂದ 25,000 ತೆಗೆದು ಕೊಟ್ಟೆ. ಒಂದು ಚೀಟಿ ಬರೆಸಿಕೊಳ್ಳಲಿಲ್ಲ. ಮನೆಯವರಿಗೆ ಮುಂಗಡ ಐದು ಸಾವಿರ ಅಂತ ಹೇಳಿದೆ. ಯಾಕೆ ಸುಳ್ಳು ಹೇಳಿದೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಗೌರಿ ಹಬ್ಬಕ್ಕೆ ಮುಗಿಸುತ್ತೇನೆ ಅಂದವನು ಹಬ್ಬದ ಹಿಂದಿನ ವಾರ ಬಂದು ಕಂಪ್ಯೂಟರ್ ಡಬ್ಬವನ್ನೇ ಬೈಕಿನ ಮೇಲಿಟ್ಟುಕೊಂಡು ಹೋದ. ‘ಫಾರ್ಮ್ಯಾಟ್ ಮಾಡಿ ತರ್ತೀನಿ’ ಅಂದ. ವಿಳಾಸ ಟೈಪ್ ಮಾಡಲು ನೋಟ್ ಪುಸ್ತಕವನ್ನೂ ಕೇಳಿದ. ನಾನು ಅದನ್ನೂ ಕೊಟ್ಟೆ!

ಆಮೇಲೆ ಶುರುವಾಯಿತು ನೋಡಿ. ಗೌರಿ ಹಬ್ಬ ಹೋಯಿತು, ದಸರಾ ಅಂದ. ದಸರಾ ಹೋಯಿತು, ದೀಪಾವಳಿ ಅಂದ. ಒಂದು ದಿನ ಜ್ವರ, ಒಂದು ದಿನ ಮದುವೆ, ಇನ್ನೊಂದು ದಿನ ಕರೆಂಟಿಲ್ಲ. ಕೊನೆಗೆ ಫೋನೇ ಸ್ವಿಚ್ ಆಫ್. ದೀಪಾವಳಿ ಅಂದರೆ ನಮಗೆ ವರ್ಷದ ದುಡಿಮೆ. ಪುಸ್ತಕ ಇಲ್ಲದೆ ಯಾರಿಗೆ ಕಳಿಸುವುದು, ಎಲ್ಲಿಗೆ ಕಳಿಸುವುದು? ತಾವಾಗಿ ಫೋನ್ ಮಾಡಿದವರಿಗೆ ಮಾತ್ರ ಕಳಿಸಿದೆವು. ಹಿಂದಿನ ವರ್ಷದ ಅರ್ಧ ವ್ಯಾಪಾರವೂ ಆಗಲಿಲ್ಲ. ಅಕ್ಕ ಒಂದು ಮಾತೂ ಆಡಲಿಲ್ಲ. ‘ಫೀಸಿಗೆ ಕೊನೇ ತಾರೀಖು ಯಾವಾಗ?’ ಅಂತ ನಾನೇ ಕೇಳಿದಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ರಾತ್ರಿ ಮನೆಯವರಿಗೆ ಎಲ್ಲ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದುಡ್ಡು ಹೋದದ್ದಕ್ಕಲ್ಲ ಕಣೇ, ನನ್ನ ಹತ್ತಿರ ಹೇಳೋಕೆ ಮೂರು ತಿಂಗಳು ಬೇಕಾಯ್ತಲ್ಲ’ ಅಂದರು. ಮಾರನೇ ದಿನ ಇಬ್ಬರೂ ಅವನ ಮನೆ ಹುಡುಕಿಕೊಂಡು ಹೋದೆವು. ಅವನಿರಲಿಲ್ಲ. ತಾಯಿ ಇದ್ದರು. ನಮ್ಮ ಪುಸ್ತಕ ಅಲ್ಲೇ ಕಿಟಕಿಯಲ್ಲಿತ್ತು! ಅದನ್ನು ತಂದು ನನ್ನ ಕೈಗಿಟ್ಟು ಆ ತಾಯಿ, ‘ಕಳ್ಳ ಅಲ್ಲಮ್ಮ ನನ್ನ ಮಗ. ಯಾರಿಗೂ ಆಗಲ್ಲ ಅನ್ನೋಕೆ ಬಾಯಿ ಬರಲ್ಲ ಅವನಿಗೆ. ಹತ್ತು ಜನರ ಕೆಲಸ ಒಪ್ಕೊಂಡು ಹತ್ತು ಜನರಿಗೂ ಮುಖ ತಪ್ಪಿಸಿಕೊಂಡು ತಿರುಗ್ತಾನೆ’ ಅಂದರು. ನನ್ನ ಕೋಪ ಅರ್ಧ ಇಳಿದುಹೋಯಿತು. ಉಳಿದರ್ಧ ನನ್ನ ಮೇಲೆಯೇ ತಿರುಗಿತು.

ಮುಂದಿನ ವಾರ ಹುಡುಗ ಬಂದು ಕಂಪ್ಯೂಟರನ್ನೂ 8,000 ರೂಪಾಯಿಯನ್ನೂ ಕೊಟ್ಟು ಹೋದ. ಉಳಿದ 17,000 ಬರಲಿಲ್ಲ. ಮಾಡಿದ ಕೆಲಸವೇನು ಅಂತ ನೋಡಿದರೆ, ನಲವತ್ತು ಹೆಸರು ಟೈಪ್ ಮಾಡಿದ್ದ. ಅದೂ ಹಳೆಯ ನುಡಿ ಫಾಂಟಿನಲ್ಲಿ. ಆ ಫಾಂಟು ಇಲ್ಲದ ಕಡೆ ಅದು ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ವೆಬ್‌ಸೈಟಿನ ಹೆಸರು ಕೊಂಡಿದ್ದ, ಆದರೆ ಅವನದೇ ಹೆಸರಿನಲ್ಲಿ, ಅವನದೇ ಈ-ಮೇಲಿನಲ್ಲಿ. ನಮ್ಮ ಅಂಗಡಿಯ ಬೋರ್ಡು, ಯಜಮಾನ ಅವನು! ಅಕ್ಕನ ಪಾಲನ್ನು ನನ್ನ ಚೀಟಿ ದುಡ್ಡಿನಿಂದ ತುಂಬಿಕೊಟ್ಟೆ. ಬೇಡ ಅಂದರು, ಕೇಳಲಿಲ್ಲ.

‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಅನ್ನುತ್ತಾರಲ್ಲ, ಹಾಗಾಯಿತು. ಯೋಚಿಸಿ ನೋಡಿ. ಮನೆಯಲ್ಲಿ ಮದುವೆಯಾದರೆ ಅಡಿಗೆ ಭಟ್ಟರನ್ನು ಹೇಗೆ ಗೊತ್ತು ಮಾಡುತ್ತೇವೆ? ಮೊದಲು ಎಷ್ಟು ಎಲೆ, ಯಾವ ಪಲ್ಯ, ಯಾವ ಸಿಹಿ ಅಂತ ಪಟ್ಟಿ ಬರೆಯುತ್ತೇವೆ. ಅವರು ಹಿಂದೆ ಮಾಡಿದ ಮನೆಯವರನ್ನು ಕೇಳುತ್ತೇವೆ. ಸ್ವಲ್ಪ ಮುಂಗಡ, ಉಳಿದದ್ದು ಎಲೆ ಎತ್ತಿದ ಮೇಲೆ. ಉಗ್ರಾಣದ ಬೀಗದ ಕೈ ಮಾತ್ರ ನಮ್ಮ ಸೊಂಟದಲ್ಲೇ ಇರುತ್ತದೆ. ನಾವು ಭಟ್ಟರಷ್ಟು ಚೆನ್ನಾಗಿ ಜಿಲೇಬಿ ಸುತ್ತಬಲ್ಲೆವಾ? ಇಲ್ಲ. ಆದರೂ ಕೈ ಕೊಡುವುದಿಲ್ಲ. ಕಂಪ್ಯೂಟರ್ ಅಂದ ಕೂಡಲೇ ಈ ಬುದ್ಧಿಯೆಲ್ಲ ಎಲ್ಲಿ ಹೋಯಿತು? ಇಂಗ್ಲಿಷ್ ಮಾತು ಕೇಳಿ ಹೆದರಿ, ಬೀಗದ ಕೈಯನ್ನೇ ತೆಗೆದು ಕೊಟ್ಟುಬಿಟ್ಟೆ.

ಈಗ ಇನ್ನೊಬ್ಬಳು ಹುಡುಗಿ ಸಿಕ್ಕಿದ್ದಾಳೆ. ಡಿಪ್ಲೊಮಾ ಓದಿದವಳು. ಈ ಸಲ ನಾನು ಮಾಡಿದ್ದನ್ನು ಹೇಳುತ್ತೇನೆ, ನಿಮಗೂ ಉಪಯೋಗವಾದೀತು.

ಮೊದಲು, ನಮಗೆ ಏನು ಬೇಕು ಅಂತ ಮೂವರೂ ಕೂತು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದೆವು. ಗಿರಾಕಿಗಳ ಪಟ್ಟಿ, ಬಾಕಿ ಲೆಕ್ಕ, ಬಿಲ್ಲು. ವೆಬ್‌ಸೈಟ್ ಬೇಡವೇ ಬೇಡ. ವಾಟ್ಸಾಪಿನ ವ್ಯಾಪಾರದ ಆ್ಯಪಿನಲ್ಲಿ ತಿಂಡಿಗಳ ಫೋಟೋ, ಬೆಲೆ ಹಾಕಲು ಜಾಗವಿದೆ, ಅದಕ್ಕೆ ದುಡ್ಡಿಲ್ಲ.

ಎರಡನೆಯದು, ಕೆಲಸವನ್ನು ಮೂರು ಭಾಗ ಮಾಡಿದೆವು. ಒಂದು ಭಾಗ ಮುಗಿದು, ನಾನೇ ಕೂತು ನಡೆಸಿ ನೋಡಿದ ಮೇಲೆ ಆ ಭಾಗದ ದುಡ್ಡು. ತಾರೀಖು, ಮೊತ್ತ ಬರೆದು ಇಬ್ಬರೂ ಸಹಿ ಹಾಕಿದೆವು. ದುಡ್ಡು ಕೊಟ್ಟಾಗಲೆಲ್ಲ ರಸೀತಿ.

ಮೂರನೆಯದು, ಪುಸ್ತಕ ಹೊಸ್ತಿಲು ದಾಟುವುದಿಲ್ಲ. ಬೇಕಾದರೆ ಫೋನಿನಲ್ಲಿ ಹಾಳೆಗಳ ಫೋಟೋ ತೆಗೆದು ಕೊಡಿ. ಕಂಪ್ಯೂಟರ್ ರಿಪೇರಿಗೆ ಹೋಗುವ ಮುಂಚೆ ಅದರಲ್ಲಿರುವುದನ್ನು ಪೆನ್ ಡ್ರೈವಿಗೆ ಹಾಕಿಸಿಕೊಳ್ಳಿ. ಒಂದಲ್ಲ, ಎರಡು. ಎರಡನೆಯದು ಇನ್ನೊಬ್ಬರ ಮನೆಯಲ್ಲಿರಲಿ. ನಮ್ಮದು ಟೀಚರಮ್ಮನ ಬೀರುವಿನಲ್ಲಿದೆ.

ನಾಲ್ಕನೆಯದು, ಪಾಸ್‌ವರ್ಡು ನಿಮ್ಮದು, ಈ-ಮೇಲು ನಿಮ್ಮದು, ಫೋನ್ ನಂಬರು ನಿಮ್ಮದು. ವೆಬ್‌ಸೈಟ್ ಮಾಡಿಸುವುದಾದರೆ ಅದರ ಹೆಸರನ್ನು ನಿಮ್ಮ ಹೆಸರಿನಲ್ಲೇ ನೋಂದಾಯಿಸಿ. ಆ ಹೆಸರು ಒಂದು ಸಲ ಕೊಂಡರೆ ಮುಗಿಯಲಿಲ್ಲ, ಅವಧಿ ಮುಗಿದಾಗ ದುಡ್ಡು ಕಟ್ಟಿ ನವೀಕರಿಸಬೇಕು. ಮರೆತರೆ ಬೇರೆಯವರ ಪಾಲಾಗಬಹುದು. ಕನ್ನಡದಲ್ಲಿ ಟೈಪ್ ಮಾಡಿಸುವಾಗ ‘ಯುನಿಕೋಡಿನಲ್ಲಿ ಮಾಡಪ್ಪಾ’ ಅನ್ನಿ. ಆಗ ಫೋನಿನಲ್ಲೂ ಓದಬಹುದು.

ಇನ್ನೊಂದು ಮಾತು. ಕೆಲಸ ಮಾಡುವವರು ಎಷ್ಟೇ ಒಳ್ಳೆಯವರಿರಲಿ, ಓ.ಟಿ.ಪಿ., ಯು.ಪಿ.ಐ. ಪಿನ್ ಹೇಳಬೇಡಿ. ಖಾತೆಯಿಂದ ಮೋಸವಾಗಿ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಕೊಂಡ ವಸ್ತು, ಸೇವೆಯ ದೂರಿಗೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರು ಹೇಳಲು ಕೈಯಲ್ಲಿ ಚೀಟಿ, ರಸೀತಿ ಇರಬೇಕು. ನನ್ನ ಹತ್ತಿರ ಏನಿತ್ತು? ಅವನು ಕುಡಿದಿಟ್ಟ ಕಾಫಿ ಲೋಟ!

ಈಗ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ನಾನೇ ಲೆಕ್ಕ ಹಾಕುತ್ತೇನೆ. ಒಂದು ಬೆರಳಿನಲ್ಲಿ ಟೈಪ್ ಮಾಡುವುದು ನೋಡಿ ಮಗ ನಗುತ್ತಾನೆ, ನಗಲಿ. ಪಟ್ಟಿಯಲ್ಲಿ ಒಂದು ಕಾಲಂ ನಾನೇ ಹೇಳಿ ಹಾಕಿಸಿದ್ದು: ‘ಖಾರ ಕಡಿಮೆ’, ‘ಬೆಳ್ಳುಳ್ಳಿ ಬೇಡ’. ಅಕ್ಕನ ಮಗಳ ಫೀಸು ಕಟ್ಟಿದ್ದಾಯಿತು. ಹಳದಿ ಪುಸ್ತಕ ದೇವರ ಗೂಡಿನ ಪಕ್ಕದಲ್ಲಿದೆ. ಅದನ್ನು ಇನ್ನು ಯಾರಿಗೂ ಕೊಡುವುದಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದ್ದರೆ ಮುಚ್ಚಿಡಬೇಡಿ. ಮೊದಲು ಮನೆಯಲ್ಲಿ ಹೇಳಿ, ಆಮೇಲೆ ನನಗೊಂದು ಕಾಗದ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅಕ್ಕನ ಕೈರುಚಿಯ ಅರಳು ಸಂಡಿಗೆ ಮಾಡುವ ವಿಧಾನದೊಂದಿಗೆ ಬರುತ್ತೇನೆ.