ಮೆಷಿನ್ ಇದೆಯಲ್ಲ, ಕೈಯಲ್ಲಿ ಯಾಕೆ ಹೊಲೀತೀಯ?

1780ರ ದಶಕದ ಮಾದರಿಯ ಇಂಗ್ಲಿಷ್ ಗೌನೊಂದನ್ನು ಮನೆಯಲ್ಲಿ ಕೂತು ಪೂರ್ತಿ ಕೈಯಲ್ಲೇ ಹೊಲಿದಿದ್ದೇನೆ ಅಂದರೆ ಆಫೀಸಿನಲ್ಲಿ ಬರುವ ಪ್ರಶ್ನೆಗಳು ಮೂರೇ. ಒಂದು, ಮೆಷಿನ್ ಇದೆಯಲ್ಲ? ಎರಡು, ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ತೀಯ? ಮೂರು, ಹೊಲಿಯೋದೇ ಆದ್ರೆ ನಮ್ಮದೇನಾದ್ರೂ ಹೊಲೀಬಾರದಾ, ಆ ಬ್ರಿಟಿಷರದ್ದೇ ಬೇಕಿತ್ತಾ?

ಎರಡನೇ ಪ್ರಶ್ನೆಗೆ ಉತ್ತರ ಸುಲಭ. ಎಲ್ಲಿಗೂ ಇಲ್ಲ. ನೀವು ಭಾನುವಾರ ನಂದಿಬೆಟ್ಟದ ತನಕ ಸೈಕಲ್ ತುಳಿದು ವಾಪಸ್ ಬರ್ತೀರಲ್ಲ, ಅಲ್ಲಿ ನಿಮಗೇನು ಕೆಲಸವಿತ್ತು ಅಂತ ನಾನು ಕೇಳಿದ್ದೀನಾ? ಉಳಿದ ಎರಡಕ್ಕೆ ಮಾತ್ರ ಸ್ವಲ್ಪ ಜಗಳ ಆಡಲೇಬೇಕು.

ಮೊದಲು ಆ ‘ಬ್ರಿಟಿಷರದ್ದು’ ಅನ್ನೋ ಮಾತು. ನಮ್ಮಜ್ಜಿ ಹೂವಿನ ಅಚ್ಚಿನ ಹತ್ತಿ ಬಟ್ಟೆಗೆ ‘ಚೀಟಿ’ ಅನ್ನೋರು. ಇಂಗ್ಲಿಷಿನ ಚಿಂಟ್ಸ್ ಕೂಡ ಅದೇ ಮನೆತನದ ಪದ, ಹಿಂದಿಯ ಛೀಂಟ್‌ನಿಂದ ಹೋದದ್ದು. ಕ್ಯಾಲಿಕೋ ಅಂದರೆ ಕಲ್ಲಿಕೋಟೆಯ ಹೆಸರು. ಕೋರಮಂಡಲ ತೀರದ ಬಣ್ಣದ ಹತ್ತಿ ಬಟ್ಟೆ ಒಗೆದರೂ ಬಣ್ಣ ಬಿಡೋದಿಲ್ಲ ಅಂತ ಗೊತ್ತಾದ ಮೇಲೆ ಯುರೋಪಿನ ಹೆಂಗಸರು ಅದಕ್ಕೆ ಮುಗಿಬಿದ್ದರು. ಅಲ್ಲಿನ ರೇಷ್ಮೆ ಮತ್ತು ಉಣ್ಣೆ ನೇಕಾರರ ಹೊಟ್ಟೆಗೆ ಕಲ್ಲು ಬಿತ್ತು. ಫ್ರಾನ್ಸ್ 1686ರಲ್ಲಿ ಇಂಥ ಬಟ್ಟೆಯನ್ನು ನಿಷೇಧಿಸಿ 1759ರವರೆಗೂ ಹಾಗೇ ಇಟ್ಟಿತು. ಇಂಗ್ಲೆಂಡ್ 1700ರಲ್ಲಿ ಆಮದಿಗೆ ಅಡ್ಡಗಾಲು ಹಾಕಿತು. 1719ರಲ್ಲಿ ಲಂಡನ್ನಿನ ನೇಕಾರರು ನಡುಬೀದಿಯಲ್ಲಿ ಕ್ಯಾಲಿಕೋ ಉಟ್ಟ ಹೆಂಗಸರ ಮೈಮೇಲಿನ ಬಟ್ಟೆಯನ್ನೇ ಹರಿದರು. 1721ರಲ್ಲಿ ಅಚ್ಚಿನ ಹತ್ತಿ ಬಟ್ಟೆ ಉಡೋದೇ ಬಹುಮಟ್ಟಿಗೆ ಅಪರಾಧವಾಯಿತು. ಆ ಕಾನೂನು ಸಡಿಲವಾಗಿದ್ದು 1774ರಲ್ಲಿ, ಅದೂ ತಮ್ಮಲ್ಲೇ ಹತ್ತಿ ಬಟ್ಟೆ ತಯಾರಾಗೋಕೆ ಶುರುವಾದ ಮೇಲೆ. ಇಷ್ಟೆಲ್ಲ ರಾದ್ಧಾಂತ ನಮ್ಮ ಕಡೆಯ ಬಟ್ಟೆಗಾಗಿ ಆಗಿರುವಾಗ, ಆ ಗೌನು ನನಗೆ ಪರಕೀಯ ಅಂತ ಹೇಳೋಕೆ ನೀವ್ಯಾರು ಸ್ವಾಮಿ?

ಈಗ ಮೆಷಿನ್ ವಿಚಾರ. ಈ ಗೌನಿಗೆ ಪೇಪರ್ ಪ್ಯಾಟರ್ನ್ ಇಟ್ಟು ಕತ್ತರಿಸೋ ಪದ್ಧತಿ ಇರಲಿಲ್ಲ. ಲಿನನ್ ಅಸ್ತರನ್ನು ಮೈಮೇಲೇ ಅಳತೆಗೆ ಕೂರಿಸಿ, ಅದರ ಮೇಲೆ ಬಟ್ಟೆ ಹರಡಿ, ನೆರಿಗೆ ಹಿಡಿದು ಪಿನ್ ಚುಚ್ಚುತ್ತಿದ್ದರು. ಲಂಗದ ಭಾಗಕ್ಕೆ ಇಡೀ ಪನ್ನ ಪನ್ನವನ್ನೇ ಜೋಡಿಸಿ ಸೊಂಟಕ್ಕೆ ನೆರಿಗೆ. ಜಗ್ಗಾಟ ಬೀಳುವ ಕಡೆ ಹಿಂದಿರುಗಿ ಹಾಕುವ ಬಿಗಿ ಹೊಲಿಗೆ, ಉದ್ದದ ಕಡೆ ಬರೀ ಎಳೆ ಹೊಲಿಗೆ. ದಾರಕ್ಕೆ ಜೇನುಮೇಣ ಸವರಬೇಕು, ಇಲ್ಲದಿದ್ದರೆ ಗಂಟು ಬೀಳುತ್ತೆ. ಹೊಲಿಗೆ ಸುಲಭವಾಗಿ ಬಿಚ್ಚೋಕೆ ಬರಬೇಕು, ಯಾಕಂದ್ರೆ ಫ್ಯಾಷನ್ ಬದಲಾದರೆ ಅದೇ ಬಟ್ಟೆಯನ್ನು ಬಿಚ್ಚಿ ಮತ್ತೆ ಹೊಲಿಸುತ್ತಿದ್ದರು. ಬಟ್ಟೆ ದುಬಾರಿ, ಅದರ ಮುಂದೆ ಹೊಲಿಯುವವಳ ಕೂಲಿ ಏನೇನೂ ಅಲ್ಲ. ಈ ಸಾಲನ್ನು ನೆನಪಿಟ್ಟುಕೊಳ್ಳಿ.

ಇಂಜಿನಿಯರ್ ಬುದ್ಧಿ, ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಇಟ್ಟಿದ್ದೆ. ಒಟ್ಟು 112 ಗಂಟೆ. ನನಗೆ ಕಂಪನಿ ಕೊಡೋ ಸಂಬಳದಲ್ಲಿ ಗಂಟೆ ಲೆಕ್ಕ ಹಾಕಿದರೆ ಒಂದು ಒಳ್ಳೆ ಸ್ಕೂಟರ್ ಬರುತ್ತೆ. ಇದನ್ನ ತೋರಿಸಿದಾಗ ಟೀಮಿನಲ್ಲೊಬ್ಬರು, “ಅದಕ್ಕೇ ಅಲ್ವಾ ಮೆಷಿನ್ ಕಂಡುಹಿಡಿದಿದ್ದು” ಅಂದರು. ಅವರು ಹಾಕಿದ್ದ ಟೀಶರ್ಟ್ 399 ರೂಪಾಯಿದು.

ನಮ್ಮ ಚಿಕ್ಕವ್ವ ಹದಿನಾಲ್ಕು ವರ್ಷದಿಂದ ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಅವಳಿಗೆ ಈ ಮಾತು ಹೇಳಿದ್ದಕ್ಕೆ ನಕ್ಕುಬಿಟ್ಟಳು. “ಮಿಷನ್ನು ತಾನೇ ಹೊಲ್ಕೊಳಂಗಿದ್ರೆ ನನ್ನ ಯಾಕವ್ವ ಏಳ್ಗಂಟೆಗೇ ಬಸ್ ಅತ್ತುಸ್ಕೊಂಡೋಗ್ತಿದ್ರು?” ಅಂದಳು. ಅವಳ ಲೈನಿನಲ್ಲಿ ಒಬ್ಬಳಿಗೆ ಕಾಲರ್, ಒಬ್ಬಳಿಗೆ ಕಫ್, ಒಬ್ಬಳಿಗೆ ಪಕ್ಕದ ಹೊಲಿಗೆ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಅದು ತಪ್ಪಿದರೆ ಬೈಗುಳ, ಒಂದಕ್ಕೆ ಎದ್ದು ಹೋದರೂ ಲೆಕ್ಕ.

‘ಮೆಷಿನ್ ಹೊಲಿದ ಬಟ್ಟೆ’ ಅನ್ನೋ ಮಾತೇ ಸುಳ್ಳು. ಬಟ್ಟೆ ಬಗ್ಗುತ್ತೆ, ಜಾರುತ್ತೆ, ಎಳೆದರೆ ಹಿಗ್ಗುತ್ತೆ. ಅದನ್ನು ರೋಬೋಟ್ ಕೈಗೆ ಕಲಿಸೋ ಪ್ರಯತ್ನ ನಡೆದೇ ಇದೆ, ಆದರೂ ನಿಮ್ಮ ಶರ್ಟಿನ ಕಾಲರನ್ನು ಸೂಜಿಯ ಕೆಳಗೆ ತಿರುಗಿಸೋದು ಇವತ್ತಿಗೂ ಮನುಷ್ಯರ ಬೆರಳೇ. ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು. ಸೂಜಿಯ ವೇಗ ಹೆಚ್ಚಾಯಿತು, ಸೂಜಿಯ ಮುಂದೆ ಕೂತವಳು ಎದ್ದು ಹೋಗಲಿಲ್ಲ. ಅಂದು ಬಟ್ಟೆ ದುಬಾರಿ, ಕೂಲಿ ಅಗ್ಗ. ಇಂದು ಬಟ್ಟೆಯೂ ಅಗ್ಗ, ಕೂಲಿಯೂ ಅಗ್ಗ. ಇದನ್ನು ನಾವು ಪ್ರಗತಿ ಅಂತೀವಿ.

ಹಾಗಂತ ಐತಿಹಾಸಿಕ ಉಡುಪಿನ ಹವ್ಯಾಸಿಗಳಲ್ಲಿರೋ ಮಡಿವಂತರ ಪರ ನಾನಿಲ್ಲ. ಒಳಗಡೆ ಒಂದು ಮೆಷಿನ್ ಹೊಲಿಗೆ ಕಂಡರೆ ಮೈಲಿಗೆ ಆದಂತೆ ಆಡೋರಿದ್ದಾರೆ. ಕೈಹೊಲಿಗೆ ಅಂದ್ರೆ ಧ್ಯಾನ, ಆಗಿನ ಹೆಂಗಸರು ಎಷ್ಟು ನೆಮ್ಮದಿಯಾಗಿ ಹೊಲೀತಿದ್ರು ಅಂತ ಕನಸು ಕಾಣೋರಿದ್ದಾರೆ. ಅಯ್ಯಾ, ಸಿರಿವಂತ ಹೆಂಗಸರು ತಮ್ಮ ಗೌನನ್ನು ಸಾಮಾನ್ಯವಾಗಿ ತಾವೇ ಹೊಲಿದುಕೊಳ್ಳುತ್ತಿರಲಿಲ್ಲ. ಅದಕ್ಕೆ ಲಂಡನ್ನಿನಲ್ಲಿ ಮ್ಯಾಂಟುವಾ ಮೇಕರ್ ಅನ್ನೋ ಕಸುಬಿನವರೇ ಇದ್ದರು. ಪ್ಯಾರಿಸ್ಸಿನ ಹೊಲಿಗೆ ಹೆಂಗಸರಿಗೆ 1675ರಲ್ಲೇ ತಮ್ಮದೊಂದು ಸ್ವಂತ ಸಂಘ ಇತ್ತು. ಮೇಣದಬತ್ತಿ ಬೆಳಕಲ್ಲಿ ಕಣ್ಣು ಕಳಕೊಂಡವಳ ಕೂಲಿ ಕೆಲಸವನ್ನು ಧ್ಯಾನ ಅಂತ ಕರೆಯೋಕೆ ಹೊಟ್ಟೆ ತುಂಬಿರಬೇಕು. ನನ್ನ 112 ಗಂಟೆಗೂ ಟಾರ್ಗೆಟ್ ಇರಲಿಲ್ಲ, ಸೂಪರ್‌ವೈಸರ್ ಇರಲಿಲ್ಲ, ಬೇಜಾರಾದಾಗ ಎದ್ದು ಕಾಫಿ ಮಾಡ್ಕೊಂಡೆ. ಅದು ಹವ್ಯಾಸ. ಅದರಿಂದ ನನಗೆ ದಕ್ಕಿದ್ದು, ಒಂದು ಸೀಮ್ ಅಂದರೆ ಎಷ್ಟು ಹೊತ್ತು ಅನ್ನೋ ಅಂದಾಜು.

ಆ ಅಂದಾಜು ನಮ್ಮಂಥ ಕೆಲಸದವರಿಗೆ ತುರ್ತಾಗಿ ಬೇಕಾಗಿದೆ. ಒಂದು ಬಟನ್ನಿನ ಬಣ್ಣ ಬದಲಿಸೋಕೆ ಎರಡು ದಿನದ ಎಸ್ಟಿಮೇಟ್ ಕೊಡೋ ನಾವು, ಬೀದಿ ಕೊನೆಯ ಟೈಲರ್ ಬ್ಲೌಸಿಗೆ ಐನೂರು ಕೇಳಿದರೆ “ಅಷ್ಟೊಂದಾ?” ಅಂತೀವಿ.

2016ರ ಏಪ್ರಿಲ್ ನೆನಪಿದೆಯಾ? ಪಿಎಫ್ ಹಣ ತೆಗೆಯೋಕೆ ಕೇಂದ್ರ ಸರ್ಕಾರ ತಂದ ಹೊಸ ನಿರ್ಬಂಧದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಅವತ್ತು ಓಡಾಡಿದ್ದು ಟ್ರಾಫಿಕ್ ಜಾಮ್ ಸುದ್ದಿ ಮಾತ್ರ. ಎರಡೇ ದಿನದಲ್ಲಿ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಆ ನಿಯಮ ಅವರಿಗಷ್ಟೇ ಅಲ್ಲ, ಪಿಎಫ್ ಕಟ್ಟುವ ನನಗೂ ನಿಮಗೂ ಇತ್ತು. ನಮ್ಮ ದುಡ್ಡನ್ನೂ ಉಳಿಸಿಕೊಟ್ಟವರು ಆ ಹೊಲಿಗೆಯ ಹೆಂಗಸರು.

ಆದ್ದರಿಂದ ನನ್ನ ಗೌನಿಗೆ ಎಷ್ಟು ಟೈಮ್ ಹಿಡೀತು ಅಂತ ಧಾರಾಳವಾಗಿ ಕೇಳಿ, ಹೇಳ್ತೀನಿ. ನೀವು ತೊಟ್ಟ ಶರ್ಟಿಗೆ ಎಷ್ಟು ಹಿಡೀತು, ಅದರಲ್ಲಿ ಹೊಲಿದವಳಿಗೆ ಎಷ್ಟು ಸಿಕ್ತು ಅನ್ನೋದನ್ನೂ ಅಷ್ಟೇ ಕುತೂಹಲದಿಂದ ಅಂಗಡಿಯವನನ್ನ ಕೇಳಿ ಬನ್ನಿ.