ಮಾರಿದವನ ದೋಷ, ಕೊಂಡವನಿಗೆ ದಂಡ

ಗಿರಣಿಯ ಟೈಮ್ ಆಫೀಸಿನಲ್ಲಿ ಮಸ್ಟರ್ ರೋಲ್ ಇಲ್ಲದಿದ್ದರೆ ಯಾರು ಕೆಲಸಗಾರ, ಯಾರು ಹೊರಗಿನವ ಎಂಬುದೇ ತಿಳಿಯದು. ಇಂದು ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳಲ್ಲಿ ಅಂಥ ಪಟ್ಟಿಯನ್ನು ಕಾಯುವುದು ಡೈರೆಕ್ಟರಿ ಸರ್ವರ್ ಎಂಬ ಕಂಪ್ಯೂಟರು. ಯಾರ ಪಾಸ್‌ವರ್ಡ್ ಸರಿ, ಯಾರಿಗೆ ಯಾವ ಕಡತ ತೆರೆಯುವ ಹಕ್ಕು ಎಂದು ಹೇಳುವುದು ಅದೇ.

2024ರ ಡಿಸೆಂಬರ್ 10ರಂದು ಮೈಕ್ರೋಸಾಫ್ಟ್ ಕಂಪೆನಿಯು ತನ್ನ ವಿಂಡೋಸ್‌ನಲ್ಲಿ, ಈ ಪಟ್ಟಿಯನ್ನು ವಿಚಾರಿಸುವ ಎಲ್‌ಡ್ಯಾಪ್ ಎಂಬ ಭಾಗದಲ್ಲಿ, ದೊಡ್ಡ ದೋಷವಿದೆಯೆಂದು ತಿಳಿಸಿ ರಿಪೇರಿ ಹೊರಡಿಸಿತು. ಅಪಾಯದ ಅಳತೆ 10ಕ್ಕೆ 9.8. ಇಂಥ ದೋಷ ಅಂಗಡಿ ಲೆಕ್ಕ ಬಲ್ಲವರಿಗೆ ತಿಳಿಯದ್ದಲ್ಲ. ಮೂರೇ ಅಂಕಿ ಹಿಡಿಯುವ ಪುಸ್ತಕದಲ್ಲಿ 1,005 ಬರೆಯಹೋದರೆ ಉಳಿಯುವುದು 5. ಅದನ್ನು ನಂಬಿದ ಉಗ್ರಾಣದವನು 5 ಮೂಟೆಗೆ ಜಾಗ ಬಿಡುತ್ತಾನೆ. ಬರುವುದು 1,005 ಮೂಟೆ! ಅವು ಪಕ್ಕದವನ ಜಾಗಕ್ಕೆ ಉರುಳದೆ ಏನು ಮಾಡುತ್ತವೆ? ಕಂಪ್ಯೂಟರಿನ ಮೆಮೊರಿಯಲ್ಲಿ ಹೀಗಾದರೆ, ಹೊರಗಿನವನು ತುರುಕಿದ್ದನ್ನೇ ಯಂತ್ರವು ಯಜಮಾನನ ಆಜ್ಞೆಯೆಂದು ನಡೆಸಿಬಿಡಬಹುದು. ಅವನಿಗೆ ಪಾಸ್‌ವರ್ಡೂ ಬೇಡ.

ರಿಪೇರಿ ಬಂದದ್ದು ಒಳ್ಳೆಯದೇ. ಆದರೆ ಯಾರಿಗೆ? 2012ರ ವಿಂಡೋಸ್ ಸರ್ವರಿನಲ್ಲೂ ಇದೇ ದೋಷವಿತ್ತು. ಅದರ ಉಚಿತ ರಿಪೇರಿ 2023ರ ಅಕ್ಟೋಬರ್ 10ಕ್ಕೇ ನಿಂತಿತ್ತು. ಆಮೇಲೆ ಅದನ್ನು ಇಟ್ಟುಕೊಂಡವರು ರಿಪೇರಿಗೆ ಬೇರೆ ಹಣ ತೆರಬೇಕಾಯಿತು, ಇಲ್ಲವೇ ಅದೇ ಕಂಪೆನಿಯ ಬಾಡಿಗೆ ಯಂತ್ರಗಳಿಗೆ ಹೋಗಬೇಕಾಯಿತು.

ಹಳೆಯ ಮಾಲನ್ನು ಎಂದೆಂದಿಗೂ ಸಾಕಲಾಗದು ಎಂದು ಕಂಪೆನಿಗಳ ಪರವಾಗಿ ವಾದಿಸುವವರಿದ್ದಾರೆ. ತಕ್ಕಡಿ ಸವೆದರೆ ಖರ್ಚು ಅಂಗಡಿಯವನದು, ನಿಜ. ಆದರೆ ಮಾರುವಾಗಲೇ ತೂಕ ತಪ್ಪಿದ್ದ ತಕ್ಕಡಿಯನ್ನು ಸರಿಪಡಿಸಲು ಮತ್ತೆ ಹಣ ಕೇಳುವುದು ಯಾವ ನ್ಯಾಯ? ಸಾಫ್ಟ್‌ವೇರ್ ಸವೆಯುವುದಿಲ್ಲ, ಈ ದೋಷ ಕಾರ್ಖಾನೆಯಿಂದಲೇ ಬಂದದ್ದು. ಹಣವಿದ್ದವರು ರಿಪೇರಿ ಕೊಂಡಾರು. ಇಲ್ಲದ ಸಣ್ಣ ಆಸ್ಪತ್ರೆಯಲ್ಲಿ ಬಯಲಾಗುವುದು ರೋಗಿಯ ಚೀಟಿ, ಸಣ್ಣ ಕಾರ್ಖಾನೆಯಲ್ಲಿ ಕೆಡುವುದು ಕೂಲಿಯ ಲೆಕ್ಕ. ಆ ಯಂತ್ರವನ್ನು ಆರಿಸಿದ್ದು ರೋಗಿಯೂ ಅಲ್ಲ, ಕೂಲಿಗಾರನೂ ಅಲ್ಲ.

ಅದೇ 2024ರ ಡಿಸೆಂಬರ್ 10ರಂದೇ ಯೂರೋಪಿನ ಒಕ್ಕೂಟದಲ್ಲಿ ಸೈಬರ್ ರೆಸಿಲಿಯೆನ್ಸ್ ಕಾಯಿದೆ ಜಾರಿಗೆ ಬಂದಿತು. ಸಾಮಾನ್ಯವಾಗಿ ಕನಿಷ್ಠ 5 ವರ್ಷ ಇಂಥ ದೋಷಗಳನ್ನು ಉಚಿತವಾಗಿ ಸರಿಪಡಿಸುವ ಹೊಣೆಯನ್ನು ಅದು ತಯಾರಕರ ಮೇಲೆ ಹೊರಿಸುತ್ತದೆ. ಅದರ ಮುಖ್ಯ ವಿಧಿಗಳಿಗೆ ಗೊತ್ತುಮಾಡಿದ ದಿನ 2027ರ ಡಿಸೆಂಬರ್ 11. ದಾರಿ ಸರಿ, ಅವಧಿ ಸಾಲದು. ಮಾಲು ಜನರ ಬಳಕೆಯಲ್ಲಿರುವ ತನಕ, ಮಾರಿದ ದಿನದ ದೋಷಕ್ಕೆ ಮಾರಿದವನೇ ಹೊಣೆಯಾಗಬೇಕು. ನಮ್ಮ ದೇಶದ ಕಾಯಿದೆಯೂ ಇದನ್ನು ಸ್ಪಷ್ಟವಾಗಿ ಹೇಳಲೆಂದು ನಾವು ಒತ್ತಾಯಿಸುತ್ತೇವೆ.