ಎಷ್ಟರಲ್ಲಿ ಎಷ್ಟು?

ಹೋದ ತಿಂಗಳು ಒಂದು ರಾತ್ರಿ ದೊಡ್ಡಮ್ಮನ ಫೋನು. "ಪುಟ್ಟಾ, ನನ್ನ ಕಥೆ ಮುಗೀತು ಕಣೋ" ಅಂದರು. ಊರಲ್ಲಿ ನಡೆದ ತಪಾಸಣಾ ಶಿಬಿರಕ್ಕೆ ಪಕ್ಕದ ಮನೆಯವರ ಜೊತೆ ಸುಮ್ಮನೆ ಹೋಗಿದ್ದರಂತೆ. ನೋವಿಲ್ಲ, ಗಂಟಿಲ್ಲ, ಏನೂ ಇಲ್ಲ. ಮ್ಯಾಮೋಗ್ರಾಮ್ ನೋಡಿದವರು ಸಂಶಯ ಇದೆ, ಇನ್ನೊಂದು ಪರೀಕ್ಷೆ ಮಾಡಿಸಿ ಅಂತ ಚೀಟಿ ಬರೆದು ಕಳಿಸಿದ್ದಾರೆ. "ಕಾಯಿಲೆ ಇದ್ರೆ ಅದು ನೂರಕ್ಕೆ ತೊಂಬತ್ತು ಸಲ ಹಿಡಿಯತ್ತಂತೆ. ಅಂದ್ರೆ ನಂಗೆ ನೂರಕ್ಕೆ ತೊಂಬತ್ತು ಪಾಲು ಇದೆ ಅಂತಲೇ ಅಲ್ವೇನೋ?"

ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಇಂಜಿನಿಯರಿಂಗ್ ಓದಿದ್ದರಿಂದಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ ಒಗಟು ಬಿಡಿಸುತ್ತಾ ಹೊತ್ತು ಕಳೆದಿದ್ದರಿಂದ! ಸಂಭವನೀಯತೆಯ ಒಗಟುಗಳು ಬರೀ ಟೈಂಪಾಸು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಕ್ಯಾಂಟೀನಿನ ಕಥೆ. ಮೂರು ಬಾಗಿಲು. ಒಂದರ ಹಿಂದೆ ಕಾರು, ಉಳಿದೆರಡರ ಹಿಂದೆ ಮೇಕೆ. ನೀವು ಒಂದು ಬಾಗಿಲು ಆರಿಸುತ್ತೀರಿ. ಆಟ ನಡೆಸುವವನಿಗೆ ಕಾರು ಎಲ್ಲಿದೆ ಅಂತ ಗೊತ್ತು. ಅವನು ಉಳಿದೆರಡರಲ್ಲಿ ಮೇಕೆ ಇರುವ ಒಂದನ್ನು ತೆರೆದು ತೋರಿಸಿ, "ನಿಮ್ಮ ಬಾಗಿಲು ಬದಲಾಯಿಸ್ತೀರಾ?" ಅಂತ ಕೇಳುತ್ತಾನೆ. ಬದಲಾಯಿಸಬೇಕೋ ಬೇಡವೋ?

ಉಳಿದಿರುವುದು ಎರಡು ಬಾಗಿಲು, ಆದ್ದರಿಂದ ಅರ್ಧಕ್ಕರ್ಧ, ಬದಲಾಯಿಸಿದರೂ ಒಂದೇ ಬಿಟ್ಟರೂ ಒಂದೇ. ನಾನೂ ಹಾಗೇ ಅಂದೆ. ಜೋರಾಗಿಯೇ ಅಂದೆ. ಊಟ ಮುಗಿಸಿ ಸೀಟಿಗೆ ಬಂದು, ಇವರಿಗೆಲ್ಲ ಬುದ್ಧಿ ಕಲಿಸೋಣ ಅಂತ ಹದಿನೈದು ಸಾಲಿನ ಪ್ರೋಗ್ರಾಮ್ ಬರೆದು ಹತ್ತು ಸಾವಿರ ಸಲ ಓಡಿಸಿದೆ. ಪ್ರತಿ ಸಲವೂ ಬಾಗಿಲು ಬದಲಾಯಿಸಿದರೆ ಕಾರು ಸಿಕ್ಕಿದ್ದು 6,671 ಸಲ. ಮೂರನೇ ಎರಡು ಪಾಲು! ಕೋಡಿನಲ್ಲಿ ತಪ್ಪಿರಬೇಕು ಅಂತ ಎರಡು ಸಲ ಹುಡುಕಿದೆ. ತಪ್ಪಿದ್ದದ್ದು ನನ್ನ ತಲೆಯಲ್ಲಿ.

ಯೋಚಿಸಿದರೆ ಸುಲಭ. ಮೊದಲ ಆಯ್ಕೆ ಸರಿಯಾಗುವುದು ಮೂರರಲ್ಲಿ ಒಂದು ಸಲ. ಅಂದರೆ ಮೂರರಲ್ಲಿ ಎರಡು ಸಲ ಕಾರು ಬೇರೆ ಎರಡು ಬಾಗಿಲುಗಳ ಪೈಕಿ ಎಲ್ಲೋ ಇದೆ. ಅವುಗಳಲ್ಲಿ ಮೇಕೆಯ ಬಾಗಿಲನ್ನು ಗೊತ್ತಿದ್ದೇ ತೆರೆದು, ಉಳಿದದ್ದು ಯಾವುದು ಅಂತ ಅವನೇ ನಮಗೆ ಹೇಳಿಬಿಟ್ಟ. ಅವನಿಗೂ ಕಾರು ಎಲ್ಲಿದೆ ಅಂತ ಗೊತ್ತಿಲ್ಲದೆ, ಕಣ್ಣುಮುಚ್ಚಿ ತೆರೆದು ಅದೃಷ್ಟಕ್ಕೆ ಮೇಕೆ ಬಂದಿದ್ದರೆ? ಆಗ ಮಾತ್ರ ಅರ್ಧಕ್ಕರ್ಧವೇ ಸರಿ. ಕಂಡ ದೃಶ್ಯ ಎರಡರಲ್ಲೂ ಒಂದೇ, ಉತ್ತರ ಬೇರೆ. ಕಣ್ಣಿಗೆ ಏನು ಕಂಡಿತು ಅನ್ನುವುದರಷ್ಟೇ, ಅದು ಹೇಗೆ ಕಣ್ಣಿಗೆ ಬಿತ್ತು ಅನ್ನುವುದೂ ಮುಖ್ಯ.

ಸೋತವನು ನಾನೊಬ್ಬನೇ ಅಲ್ಲ ಅನ್ನುವುದೇ ಸಮಾಧಾನ. ಈ ಒಗಟನ್ನು 1975ರಲ್ಲಿ ಸ್ಟೀವ್ ಸೆಲ್ವಿನ್ ಎಂಬ ಸಂಖ್ಯಾಶಾಸ್ತ್ರಜ್ಞ ಒಂದು ಪತ್ರಿಕೆಗೆ ಬರೆದಿದ್ದರು. 1990ರಲ್ಲಿ ಅಮೆರಿಕದ 'ಪೆರೇಡ್' ಪತ್ರಿಕೆಯ ಅಂಕಣದಲ್ಲಿ ಮೆರಿಲಿನ್ ವಾಸ್ ಸವಾಂಟ್, ಬದಲಾಯಿಸುವುದೇ ಸರಿ ಅಂತ ಉತ್ತರಿಸಿದಾಗ ಸುಮಾರು ಹತ್ತು ಸಾವಿರ ಪತ್ರಗಳು ಬಂದವಂತೆ. ಹೆಚ್ಚಿನವು ನೀವು ಹೇಳಿದ್ದು ತಪ್ಪು ಅಂತಲೇ. ಬರೆದವರಲ್ಲಿ ಡಾಕ್ಟರೇಟ್ ಪಡೆದವರೂ ನೂರಾರು ಜನ. ಗಣಿತದ ದಿಗ್ಗಜ ಪಾಲ್ ಎರ್ಡಿಶ್ ಕೂಡ ಮೊದಲು ಒಪ್ಪಲಿಲ್ಲ, ಕಂಪ್ಯೂಟರಿನಲ್ಲಿ ಆಡಿಸಿ ತೋರಿಸಿದ ಮೇಲೆ ಒಪ್ಪಿದರು.

ಸರಿ, ದೊಡ್ಡಮ್ಮನ ಕಡೆ ಬರೋಣ. ಫೋನಿನಲ್ಲಿ ಬೇಯ್ಸ್ ಪ್ರಮೇಯ ಅಂತ ಶುರು ಮಾಡಿದ್ದರೆ ಅವರು ಇನ್ನಷ್ಟು ಹೆದರುತ್ತಿದ್ದರು. ಹಾಗಾಗಿ ಜನರನ್ನು ಎಣಿಸಿದೆ. "ದೊಡ್ಡಮ್ಮ, ನಿಮ್ಮ ವಯಸ್ಸಿನ ಸಾವಿರ ಹೆಂಗಸರು ಜಾತ್ರೆಯಲ್ಲಿ ಸೇರಿದ್ದಾರೆ ಅಂದ್ಕೊಳ್ಳಿ. ಲೆಕ್ಕಕ್ಕೆ ಅಂತ, ಅವರಲ್ಲಿ ಹತ್ತು ಜನಕ್ಕೆ ಕಾಯಿಲೆ ಇದೆ ಅನ್ನೋಣ. ಪರೀಕ್ಷೆ ಆ ಹತ್ತರಲ್ಲಿ ಒಂಬತ್ತು ಜನರನ್ನು ಹಿಡಿಯುತ್ತೆ. ಉಳಿದ 990 ಜನಕ್ಕೆ ಏನೂ ಇಲ್ಲ. ಆದರೆ ನೂರಕ್ಕೆ ಒಂಬತ್ತು ಜನಕ್ಕೆ ಪರೀಕ್ಷೆ ಸುಮ್ಮಸುಮ್ಮನೆ ಸಂಶಯ ಅನ್ನುತ್ತೆ ಅಂತಿಟ್ಟುಕೊಂಡರೆ ಅಂಥವರು 89 ಜನ. ಒಟ್ಟು 98 ಜನರ ಕೈಯಲ್ಲಿ ನಿಮ್ಮ ಹಾಗೇ ಚೀಟಿ. ಅವರಲ್ಲಿ ನಿಜವಾಗಿ ಕಾಯಿಲೆ ಇರೋದು ಎಷ್ಟು ಜನಕ್ಕೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು "ಒಂಬತ್ತು ಜನಕ್ಕೆ" ಅಂದರು. ಹನ್ನೊಂದು ಜನರಲ್ಲಿ ಒಬ್ಬರಿಗೆ ಅನ್ನಿ. ತೊಂಬತ್ತು ಎಲ್ಲಿ, ಒಂಬತ್ತು ಎಲ್ಲಿ! ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು. ಸೂತ್ರ ಗೊತ್ತಿಲ್ಲ, ಆದರೆ ಸಂತೆಯ ಲೆಕ್ಕ ಚೆನ್ನಾಗಿ ಗೊತ್ತು. ಹನ್ನೊಂದರಲ್ಲಿ ಒಂದು ಅನ್ನುವುದು ಕಡೆಗಣಿಸುವಷ್ಟು ಸಣ್ಣದಲ್ಲ, ಇನ್ನೊಂದು ಪರೀಕ್ಷೆ ಮಾಡಿಸಲೇಬೇಕು ಅಂತಲೂ ಹೇಳಿದೆ. ಆದರೆ 'ಕಥೆ ಮುಗೀತು' ಅನ್ನುವುದಕ್ಕೂ 'ಇನ್ನೊಮ್ಮೆ ನೋಡಿಸಬೇಕು' ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಆ ರಾತ್ರಿ ನಿದ್ದೆ ಮಾಡಿದರಂತೆ.

ಈ ಎಡವಟ್ಟು ದೊಡ್ಡಮ್ಮನದ್ದು ಮಾತ್ರ ಅಲ್ಲ. 1978ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ 60 ವೈದ್ಯರು ಮತ್ತು ವಿದ್ಯಾರ್ಥಿಗಳಿಗೆ ಇಂಥದೇ ಪ್ರಶ್ನೆ ಕೇಳಿದ್ದರು. ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆ, ಇಲ್ಲದವರಲ್ಲಿ ನೂರಕ್ಕೆ ಐದು ಜನಕ್ಕೆ ತಪ್ಪಾಗಿ ಇದೆ ಅನ್ನುವ ಪರೀಕ್ಷೆ. ಇದೆ ಅಂತ ಬಂದವರಿಗೆ ನಿಜಕ್ಕೂ ಇರುವ ಸಾಧ್ಯತೆ ಎಷ್ಟು? ಸರಿಯುತ್ತರ ಸುಮಾರು ಶೇಕಡಾ 2. ಸರಿಯಾಗಿ ಹೇಳಿದವರು 11 ಜನ. ಅತಿ ಹೆಚ್ಚು ಜನ ಕೊಟ್ಟ ಉತ್ತರ ಶೇಕಡಾ 95!

ಇದಕ್ಕಿಂತ ಕೆಟ್ಟದ್ದು ನಡೆದದ್ದು ಇಂಗ್ಲೆಂಡಿನ ನ್ಯಾಯಾಲಯದಲ್ಲಿ. ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಎರಡು ಹಸುಗೂಸುಗಳು, 1996ರಲ್ಲಿ ಒಂದು, 1998ರಲ್ಲಿ ಇನ್ನೊಂದು, ಇದ್ದಕ್ಕಿದ್ದಂತೆ ತೀರಿಕೊಂಡವು. ತಾಯಿಯೇ ಕೊಂದಳು ಅಂತ ಕೇಸು. ಅಂಥ ಮನೆಯಲ್ಲಿ ಒಂದು ಮಗು ಹಾಗೆ ಸಹಜವಾಗಿ ಸಾಯುವ ಸಾಧ್ಯತೆ 8,543ರಲ್ಲಿ ಒಂದು, ಎರಡೂ ಸಾಯಬೇಕಾದರೆ ಅದನ್ನು ಅದರಿಂದಲೇ ಗುಣಿಸಿ, ಏಳು ಕೋಟಿ ಮೂವತ್ತು ಲಕ್ಷದಲ್ಲಿ ಒಂದು ಅಂತ ತಜ್ಞ ವೈದ್ಯರೊಬ್ಬರು ಸಾಕ್ಷಿ ಹೇಳಿದರು. 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು.

ಎರಡು ತಪ್ಪು. ಒಂದು, ಸಾವುಗಳು ನಾಣ್ಯ ಚಿಮ್ಮಿದ ಹಾಗೆ ಒಂದಕ್ಕೊಂದು ಸಂಬಂಧವಿಲ್ಲದವಲ್ಲ. ಅದೇ ತಂದೆತಾಯಿ, ಅದೇ ಮನೆ, ಅದೇ ರಕ್ತ. ಸುಮ್ಮನೆ ಗುಣಿಸುವ ಹಾಗಿಲ್ಲ. ಎರಡು, ಎರಡು ಸಹಜ ಸಾವು ಅಪರೂಪ ನಿಜ, ಆದರೆ ತಾಯಿ ತನ್ನ ಎರಡು ಕೂಸುಗಳನ್ನು ಕೊಲ್ಲುವುದೂ ಅಪರೂಪವೇ ಅಲ್ಲವೇ? ತೂಗಬೇಕಾದದ್ದು ಈ ಎರಡು ಅಪರೂಪಗಳನ್ನು ಒಂದರ ಎದುರು ಇನ್ನೊಂದನ್ನಿಟ್ಟು. 2001ರಲ್ಲಿ ಬ್ರಿಟನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಆ ಅಂಕಿಗೆ ಆಧಾರವಿಲ್ಲ ಅಂತ ಬಹಿರಂಗವಾಗಿ ಹೇಳಿತು. 2003ರಲ್ಲಿ ಶಿಕ್ಷೆ ರದ್ದಾಯಿತು. ಮುಖ್ಯ ಕಾರಣ, ಮುಚ್ಚಿಟ್ಟಿದ್ದ ಪ್ರಯೋಗಾಲಯದ ವರದಿ ಹೊರಬಂದದ್ದು. ಮೂರು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದ ಆಕೆ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ, 2007ರಲ್ಲಿ ತೀರಿಕೊಂಡರು.

ಇನ್ನು ನಮ್ಮ ಪಾಠದ ವಿಷಯ. ಬೇಯ್ಸ್ ಪ್ರಮೇಯ ನಮ್ಮ ದ್ವಿತೀಯ ಪಿಯುಸಿ ಪುಸ್ತಕದಲ್ಲೇ ಇದೆ. ನಾನೂ ಸೂತ್ರ ಉರು ಹೊಡೆದು ಅಂಕ ತಗೊಂಡವನೇ. ಚೀಲದಲ್ಲಿ ಕೆಂಪು ಚೆಂಡು, ಕಪ್ಪು ಚೆಂಡು, ಆಮೇಲೆ 52 ಇಸ್ಪೀಟು ಎಲೆ. ಇಸ್ಪೀಟು ಮುಟ್ಟಿದರೆ ಬೆನ್ನು ಮುರಿಯುವ ಮನೆಯಿಂದ ಬಂದ ನನಗೆ ಆಟೀನು ಎಷ್ಟು, ರಾಜರೆಷ್ಟು ಅನ್ನುವುದೇ ದೊಡ್ಡ ಒಗಟಾಗಿತ್ತು :) ಆಮೇಲೆ ಇಂಟರ್ವ್ಯೂಗಳಲ್ಲಿ ಇವೇ ಒಗಟುಗಳು. ಅಲ್ಲೂ ಉತ್ತರ ಬಾಯಿಪಾಠ. ಮೂರು ಬಾಗಿಲು ಅಂದ ಕೂಡಲೇ 'ಬದಲಾಯಿಸಬೇಕು' ಅಂದವನಿಗೆ ಕೆಲಸ. ಯಾಕೆ ಅಂತ ಕೇಳುವವರಿಲ್ಲ.

ನನ್ನ ಪ್ರಕಾರ ಇದನ್ನು ಅಜ್ಜಿಯ ಚೌಕಾಬಾರದಿಂದ ಶುರು ಮಾಡಬೇಕು. ನಾಲ್ಕು ಕವಡೆ, ಒಟ್ಟು ಹದಿನಾರು ಬಗೆಯಲ್ಲಿ ಬೀಳಬಹುದು. ಅವುಗಳಲ್ಲಿ ಎರಡು ಬೀಳುವುದು ಆರು ಬಗೆ, ಚೌಕ ಒಂದೇ ಬಗೆ, ಬಾರವೂ ಒಂದೇ ಬಗೆ. ಹಾಗಾದರೆ ಹದಿನಾರು ಸಲ ಹಾಕಿದರೆ ಸುಮಾರು ಒಂದು ಬಾರ ಬೀಳಬೇಕು. ಮಕ್ಕಳು ಮೊದಲು ಊಹಿಸಲಿ, ಆಮೇಲೆ ನೂರು ಸಲ ಹಾಕಿ ಎಣಿಸಲಿ. ಲೆಕ್ಕಕ್ಕೆ ಸರಿ ಹೊಂದುವುದಿಲ್ಲ! ಯಾಕೆಂದರೆ ಕವಡೆ ನಾಣ್ಯದ ಹಾಗಲ್ಲ, ಅದರ ಬೆನ್ನು ಬೇರೆ, ಹೊಟ್ಟೆ ಬೇರೆ. 'ಎಲ್ಲಾ ಬಗೆಗಳೂ ಸಮಾನ' ಅಂತ ಪುಸ್ತಕ ಹೇಳುವ ಮಾತನ್ನೇ ಅನುಮಾನಿಸಲು ಕಲಿತರೆ ಅರ್ಧ ಪಾಠ ಮುಗಿದ ಹಾಗೆ. ಇನ್ನರ್ಧ, ಯಾರೇ ಬಂದು ಅಂಕಿ ಹೇಳಿದರೂ "ಎಷ್ಟರಲ್ಲಿ ಎಷ್ಟು?" ಅಂತ ಕೇಳುವ ಅಭ್ಯಾಸ.

ದೊಡ್ಡಮ್ಮನ ಎರಡನೇ ವರದಿ ಬಂತು. ಏನೂ ಇಲ್ಲ. "ನೀನು ಹೇಳಿದ್ದೇ ನಿಜ ಆಯ್ತು ನೋಡು ಪುಟ್ಟಾ" ಅಂದರು. ನನಗೆ ಒಪ್ಪಲಾಗಲಿಲ್ಲ. ಆ ಹನ್ನೊಂದರಲ್ಲಿ ಒಬ್ಬರು ಅವರೇ ಆಗಿದ್ದರೂ ಆ ರಾತ್ರಿಯ ಲೆಕ್ಕ ಅಷ್ಟೇ ಸರಿ ಇರುತ್ತಿತ್ತು. ಇದನ್ನು ಅವರಿಗೆ ಹೇಳಲು ಹೋಗಲಿಲ್ಲ. "ಹೌದು ದೊಡ್ಡಮ್ಮ" ಅಂದು ಸುಮ್ಮನಾದೆ.